ಲೆಕ್ಕ ಹಾಕಬೇಕಾದದ್ದು ಕೊಯ್ಲಿನ ಕಾಲದ ಬೆಳಗಿಗೆ

ಮಗ್ಗೆ, ಆಲೂರು, ಸಕಲೇಶಪುರದ ಕಡೆ ಸೋಲಾರ್ ಹಾಕಿಸುವವರು ಮೊದಲು ಕೇಳುವುದು ಮಳೆಗಾಲದ ಮಾತನ್ನೇ. ವಾರಗಟ್ಟಲೆ ಬಿಸಿಲು ಕಾಣದ ಸೀಮೆಯಲ್ಲಿ ಅದು ಸಹಜ. ಆದರೆ ಇಲ್ಲಿ ಇನ್ವರ್ಟರ್ ಸುಡಿಸಬಲ್ಲದ್ದು ಮಳೆಗಾಲವಲ್ಲ, ಕಾಫಿ ಕೊಯ್ಲಿನ ಡಿಸೆಂಬರ್–ಜನವರಿಯ ತಣ್ಣನೆಯ ಬೆಳಗು.

ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಹಿಂಬದಿಯ ಲೇಬಲ್ಲಿನ ಅಂಕಿಗಳು ಸೆಲ್ 25 ಡಿಗ್ರಿಯಲ್ಲಿದ್ದಾಗಿನವು. ಮಂಜು ಸರಿದು ಬಿಸಿಲು ಬಿದ್ದ ಕೂಡಲೇ ವೋಲ್ಟೇಜ್ ಮೇಲೇರುತ್ತದೆ. ಪ್ಯಾನೆಲ್ ಇನ್ನೂ ಕಾದಿರುವುದಿಲ್ಲ, ಇನ್ವರ್ಟರ್ ಕರೆಂಟ್ ಎಳೆಯಲು ಶುರುಮಾಡಿರುವುದಿಲ್ಲ. ಓಪನ್ ಸರ್ಕ್ಯೂಟ್ ವೋಲ್ಟೇಜ್ ಪೂರ್ತಿಯಾಗಿ ಇನ್ವರ್ಟರಿನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಲೆಕ್ಕ ಹೀಗೆ. 540 ವ್ಯಾಟಿನ ಪ್ಯಾನೆಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 49.5. ಮೂರನ್ನು ಸೀರೀಸಿನಲ್ಲಿ ಜೋಡಿಸಿದರೆ 148.5. ಇನ್ವರ್ಟರಿನ ಮಿತಿ 150 ವೋಲ್ಟ್ ಇದ್ದರೆ ಕಾಗದದ ಮೇಲೆ ಸರಿಹೋಯಿತು. ಆದರೆ 25ರಿಂದ ಕೆಳಗಿಳಿದ ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇ 0.27ರಷ್ಟು ಏರುವ ಪ್ಯಾನೆಲ್ಲಾದರೆ, 10 ಡಿಗ್ರಿಯ ಬೆಳಗಿನಲ್ಲಿ ಅದೇ ಸಾಲು 154 ವೋಲ್ಟ್ ದಾಟುತ್ತದೆ. ಮಿತಿ ಮೀರಿದ ವೋಲ್ಟೇಜಿಗೆ ಒಳಗಿನ ಬಿಡಿಭಾಗಗಳು ಸುಡಬಹುದು. ವಾರಂಟಿಯೂ ಸಾಮಾನ್ಯವಾಗಿ ಸಿಗದು.

ಹಾಗಾಗಿ ಇಲ್ಲಿ ಎರಡೆರಡರ ಸಾಲೇ ಸರಿ. ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಕಾದರೂ ಎರಡು ಪ್ಯಾನೆಲ್ ಸೇರಿ ಸುಮಾರು 70 ವೋಲ್ಟ್ ಕೊಡುತ್ತವೆ. 48 ವೋಲ್ಟಿನ ಬ್ಯಾಟರಿ ತುಂಬಲು 58ರ ಆಸುಪಾಸು ಸಾಕು. ಆದರೂ ಇನ್ವರ್ಟರ್ ಕೇಳುವ ಕನಿಷ್ಠ ವೋಲ್ಟೇಜನ್ನು ಡಾಟಾ ಶೀಟಿನಲ್ಲಿ ನೋಡಿಯೇ ಮುಂದುವರಿಯಬೇಕು.

ಆರು ಪ್ಯಾನೆಲ್ ಇದ್ದರೆ ಇಂಥ ಮೂರು ಸಾಲುಗಳನ್ನು ಪ್ಯಾರಲಲ್ ಮಾಡಿ. ಆಗ ವೋಲ್ಟೇಜ್ ಅಷ್ಟೇ ಉಳಿದು ಆಂಪಿಯರ್ ಕೂಡುತ್ತದೆ: ಸಾಲಿಗೆ 13ರಂತೆ 39. ಇನ್ವರ್ಟರಿನ ಆಂಪಿಯರ್ ಮಿತಿಯನ್ನೂ ಶಾರ್ಟ್ ಸರ್ಕ್ಯೂಟ್ ಕರೆಂಟಿನ ಮಿತಿಯನ್ನೂ ನೋಡಿಕೊಳ್ಳಿ. ಒಂದು ಸಾಲು ಕೆಟ್ಟರೆ ಉಳಿದೆರಡರ ಕರೆಂಟ್ ಅದಕ್ಕೆ ನುಗ್ಗುತ್ತದೆ. ಸಾಲಿಗೊಂದು ಡಿಸಿ ಫ್ಯೂಸ್ ಬೇಕೇ ಬೇಕು.

ಮಳೆಗಾಲದಲ್ಲಿ ಸಾಲದೆಂದು ಸೀರೀಸಿಗೇ ಇನ್ನೊಂದು ಪ್ಯಾನೆಲ್ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಮೋಡ ಕಸಿಯುವುದು ಮುಖ್ಯವಾಗಿ ಆಂಪಿಯರನ್ನು, ವೋಲ್ಟೇಜನ್ನಲ್ಲ. ಮಿತಿಯೊಳಗೆ ಜಾಗವಿದ್ದರೆ ಇನ್ನೊಂದು ಸಾಲನ್ನು ಪ್ಯಾರಲಲ್ಲಿಗೆ ಸೇರಿಸಿ. ಸಿಲ್ವರ್ ಓಕಿನ ನೆರಳು ಬೀಳುವ ಪ್ಯಾನೆಲ್ಲನ್ನು ಪೂರ್ತಿ ಬಿಸಿಲಿನದರ ಜೊತೆ ಒಂದೇ ಸೀರೀಸಿಗೆ ಕಟ್ಟಬೇಡಿ. ಪೂರ್ವದ ಮಾಡಿಗೂ ಪಶ್ಚಿಮದ ಮಾಡಿಗೂ ಬೇರೆಬೇರೆ ಸಾಲು ಇರಲಿ.

ಗ್ರಿಡ್‌ಗೆ ಜೋಡಿಸುವ ಇನ್ವರ್ಟರಿನ ಮಿತಿ ನೂರಾರು ವೋಲ್ಟ್ ಇದ್ದರೂ ಲೆಕ್ಕದ ರೀತಿ ಇದೇ. ಮಾಡಿಗೆ ತೂತು ಕೊರೆಯುವ ಮೊದಲೇ ಕೆಲಸದವರಿಂದ ಮೂರು ಅಂಕಿ ಬರೆಸಿಕೊಳ್ಳಿ: ಅತಿ ಚಳಿಯ ಬೆಳಗಿನ ವೋಲ್ಟೇಜ್, ಅತಿ ಸೆಕೆಯ ಮಧ್ಯಾಹ್ನದ ವೋಲ್ಟೇಜ್, ಒಟ್ಟು ಆಂಪಿಯರ್. ಮೂರೂ ಇನ್ವರ್ಟರಿನ ಮಿತಿಯೊಳಗೆ ಕೂತರೆ ಮಾತ್ರ ಮುಂಗಡ ಕೊಡಿ.