ಮನೀಗಂತ ಬೆಳೆದ ಸಾಲು

ಬೆಳಗಾವಿ ಪೇಟೆಯಲ್ಲಿ ‘ಸಾವಯವ’ ಎಂಬ ಶಬ್ದ ಕಿವಿಗೆ ಬೀಳುವುದು ಕಡಿಮೆ. ಬೀಳುವುದು ‘ಜವಾರಿ’, ಮರಾಠಿ ಬಾಯಲ್ಲಿ ‘ಗಾವಠಿ’. ಜವಾರಿ ಸೌತೆಕಾಯಿ, ಜವಾರಿ ಬದನೆ, ಗಾವಠಿ ತತ್ತಿ. ಈ ಮಾತು ಕೇಳಿದ ಕೂಡಲೇ ನಮ್ಮ ಕೈ ಕಿಸೆಗೆ ಹೋಗುತ್ತದೆ. ಎಣ್ಣೆ (ಕೀಟನಾಶಕ) ಹೊಡೆದಿಲ್ಲ, ಸರಕಾರಿ (ರಾಸಾಯನಿಕ) ಗೊಬ್ಬರ ಹಾಕಿಲ್ಲ ಎಂದು ಮಾರುವವರು ಹೇಳದಿದ್ದರೂ ನಾವೇ ತಿಳಿದುಕೊಂಡುಬಿಡುತ್ತೇವೆ. ಜವಾರಿ ಎಂಬುದು ಬೀಜದ ಮಾತು, ಸಾವಯವ ಎಂಬುದು ಬೇಸಾಯದ ಮಾತು. ಜವಾರಿ ಬದನೆಗೂ ಕಾಯಿಕೊರಕ ಬೀಳುತ್ತದೆ, ಅದಕ್ಕೂ ಪಂಪು ಹೆಗಲೇರುತ್ತದೆ. ಹೈಬ್ರಿಡ್ ಟೊಮೆಟೊವನ್ನು ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಯುವವರೂ ಇದ್ದಾರೆ.

ಈ ಗೊಂದಲ ನನಗೆ ಬಿಡಿಸಿ ಕಾಣತೊಡಗಿದ್ದು ಮೊಮ್ಮಗಳು ಅನ್ನ ತಿನ್ನಲು ಶುರು ಮಾಡಿದಾಗ. ನಾವಿರುವ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಮನೆಗಳಲ್ಲಿ ತಿಂಗಳ ಸಂಬಳಕ್ಕೆ ತಕ್ಕಂತೆ ಕಿರಾಣಿ ಚೀಟಿ. ಫೌಂಡ್ರಿಯ ಹೊಗೆ, ಲೇಥಿನ ಎಣ್ಣೆ ಮೈಗಂಟಿದ ಜೀವಕ್ಕೆ ತಟ್ಟೆಯಾದರೂ ಶುದ್ಧವಿರಲಿ ಎಂಬ ಆಸೆ ಸಹಜ. ಮೂರು ತಿಂಗಳು ಎಲ್ಲವನ್ನೂ ‘ಆರ್ಗ್ಯಾನಿಕ್’ ತಂದೆವು. ಚೀಟಿಯ ಮೊತ್ತ ಒಂದೂವರೆ ಪಟ್ಟಾಯಿತು. ಒಂದು ದಿನ ಬೇಳೆಯ ಪೊಟ್ಟಣ ತಿರುಗಿಸಿ ನೋಡಿದರೆ ಹಸಿರು ಎಲೆಯ ಚಿತ್ರವಿದೆ, ದೊಡ್ಡಕ್ಷರದ ಹೆಸರಿದೆ, ಪ್ರಮಾಣಪತ್ರದ ಗುರುತೇ ಇಲ್ಲ. ಅಂಗಡಿಯವನನ್ನು ಕೇಳಿದೆ. “ಎಲ್ಲಾ ನಂಬಿಕೆ ಮ್ಯಾಲ ರೀ” ಎಂದ.

ನಂಬಿಕೆಗೆ ಒಂದು ಕಾಯಿದೆಯೂ ಇದೆ. ರಫ್ತಿಗಾಗಿ 2001ರಲ್ಲಿ ಶುರುವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ ಒಂದು ದಾರಿ. ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡುವ ಪಿಜಿಎಸ್ ಇನ್ನೊಂದು. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮ 2018ರ ಜುಲೈಯಿಂದ ಜಾರಿಗೆ ಬಂದ ಮೇಲೆ, ಸಾವಯವ ಎಂದು ಮಾರುವ ಪೊಟ್ಟಣಕ್ಕೆ ಇವೆರಡರಲ್ಲಿ ಒಂದರ ಪ್ರಮಾಣಪತ್ರ ಬೇಕು, ಜೈವಿಕ ಭಾರತ್ ಲಾಂಛನ ಬೇಕು. ಪಿಜಿಎಸ್‌ನಲ್ಲಿ ‘ಗ್ರೀನ್’ ಎಂದಿದ್ದರೆ ಹೊಲ ಇನ್ನೂ ರಾಸಾಯನಿಕದಿಂದ ಸಾವಯವಕ್ಕೆ ಹೊರಳುತ್ತಿದೆ ಎಂದರ್ಥ. ಅಂಗಡಿಯಲ್ಲಿ ಆ ‘ಗ್ರೀನ್’ ಶಬ್ದವನ್ನೇ ಹೆಚ್ಚಿನ ಶುದ್ಧತೆ ಎಂದು ತಿಳಿದು ಕೊಳ್ಳುವವರನ್ನು ಕಂಡಿದ್ದೇನೆ. ಸಣ್ಣ ರೈತ ತಾನು ಬೆಳೆದದ್ದನ್ನು ನೇರವಾಗಿ ಗಿರಾಕಿಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಈ ವಿನಾಯಿತಿ ನಮ್ಮ ಊರಿನ ಪಾಲಿಗೆ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಸಾವಯವ ತಿಂದರೆ ಪೌಷ್ಟಿಕತೆ ಹೆಚ್ಚೇ? ಇದಕ್ಕಾಗಿ ದುಡ್ಡು ಕೊಡಬೇಡಿ ಎನ್ನುತ್ತೇನೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಪೋಷಕಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. 2014ರಲ್ಲಿ ನ್ಯೂಕ್ಯಾಸಲ್‌ನವರು 343 ಅಧ್ಯಯನಗಳನ್ನು ಜಾಲಾಡಿ, ಸಾವಯವ ಬೆಳೆಯಲ್ಲಿ ಕ್ಯಾಡ್ಮಿಯಂ ಕಡಿಮೆ, ಆಂಟಿಆಕ್ಸಿಡೆಂಟ್ ಹೆಚ್ಚು ಎಂದರು. ಎರಡೂ ಕಡೆಯವರು ಒಪ್ಪಿದ ಮಾತು ಒಂದೇ: ಕೀಟನಾಶಕದ ಉಳಿಕೆ ಸಾವಯವದಲ್ಲಿ ಕಡಿಮೆ. ಅಲ್ಲಿಗೆ ಕೊಳ್ಳುವವರ ಲೆಕ್ಕ ಸುಲಭವಾಗುತ್ತದೆ. ಬದನೆ, ಮೆಣಸಿನಕಾಯಿ, ಹೂಕೋಸು, ಸೊಪ್ಪು — ಕೀಳುವ ಮುನ್ನಾದಿನದವರೆಗೂ ಎಣ್ಣೆ ಕಾಣುವ ಸಾಧ್ಯತೆ ಇರುವ ಇಂಥವಕ್ಕೆ ಹೆಚ್ಚು ಕೊಟ್ಟರೆ ಅರ್ಥವಿದೆ. ತೆಂಗಿನಕಾಯಿಗೆ, ಬಾಳೆಹಣ್ಣಿಗೆ, ಉಳ್ಳಾಗಡ್ಡಿಗೆ ಅಷ್ಟು ಇಲ್ಲ. ಸಾವಯವ ಬಿಸ್ಕೀಟು ಎಂಬುದು ಶುದ್ಧ ಸೋಗು. ಸಕ್ಕರೆ ಯಾವ ಹೊಲದ್ದಾದರೂ ಸಕ್ಕರೆಯೇ.

ಆದರೆ ಈ ಲೆಕ್ಕದಲ್ಲಿ ತಿನ್ನುವವನೊಬ್ಬನೇ ಇದ್ದಾನೆ, ಹೊಡೆಯುವವನಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ನರಳಿದ್ದು ಪಟ್ಟಣದಲ್ಲಿ ಗೋಡಂಬಿ ತಿಂದವರಲ್ಲ, ಪಡ್ರೆಯಂಥ ಕನ್ನಡದ ಹಳ್ಳಿಗಳಲ್ಲಿ ಆ ಮರಗಳ ನಡುವೆ ಬದುಕಿದವರು. ಅಲ್ಲಿಯ ವೈದ್ಯ ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ವರ್ಷಗಟ್ಟಲೆ ಕೂಗಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಸಾವಯವಕ್ಕೆ ಹೆಚ್ಚು ಹಣ ಕೊಡಲು ನನಗೆ ಕಂಡ ಗಟ್ಟಿ ಕಾರಣ ಇದು. ಅಂಗಡಿಯ ಯಾವ ಪೊಟ್ಟಣದ ಮೇಲೂ ಇದನ್ನು ಅಚ್ಚು ಹಾಕಿದ್ದು ನೋಡಿಲ್ಲ. ಅಲ್ಲಿರುವುದೆಲ್ಲ ನಿಮ್ಮ ಆರೋಗ್ಯ, ನಿಮ್ಮ ಮಗು, ನಿಮ್ಮ ತ್ವಚೆ.

ಇನ್ನು ನಮ್ಮ ಊರಿಗೆ ಬರೋಣ. ಉದ್ಯಮಬಾಗ ಇರುವುದೇ ಖಾನಾಪುರ ರಸ್ತೆಯ ಮೇಲೆ. ಪೀರನವಾಡಿ, ಮಚ್ಛೆ ದಾಟಿದರೆ ಗದ್ದೆಗಳು. ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡು. ಮಳೆ ನೆಚ್ಚಿದ ಆ ಭತ್ತಕ್ಕೆ, ಗೆಣಸಿಗೆ ರಾಸಾಯನಿಕ ಬೀಳುವುದು ಬಯಲಿನ ನೀರಾವರಿ ಹೊಲಕ್ಕಿಂತ ಮೊದಲೇ ಕಮ್ಮಿ. ಬೆಲ್ಲದ ಮಾತು ಬೇರೆ. ಹಳದಿ ಮಿಂಚಿನ ಬೆಲ್ಲದ ಹಿಂದೆ ಹೆಚ್ಚಾಗಿ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಪುಡಿ ಇರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಕಪ್ಪು, ನೋಡಲು ಚೆಂದವಿಲ್ಲ, ತಿನ್ನಲು ಚೆಂದ. ನಮ್ಮದೇ ಜಿಲ್ಲೆಯ ಬೇಡಕಿಹಾಳದಲ್ಲಿ ರೈತ ಸುರೇಶ ದೇಸಾಯಿಯವರು ಕಬ್ಬಿನ ರವದಿಗೆ ಬೆಂಕಿ ಹಚ್ಚದೆ ಹೊಲದಲ್ಲೇ ಹಾಸಿ, ಕಡಿಮೆ ನೀರಿನಲ್ಲಿ ಸಾವಯವ ಕಬ್ಬು ಬೆಳೆದು ತೋರಿಸಿದರು. ಹೀಗಿದ್ದೂ ನಾವು ದೂರದ ಊರಿನ ಸಾವಯವ ಬೆಲ್ಲವನ್ನು ಬಣ್ಣದ ಡಬ್ಬಿಯಲ್ಲಿ ತರುತ್ತೇವೆ.

ಹತ್ತಿರದ್ದೆಲ್ಲ ಒಳ್ಳೆಯದು ಎಂದೇನೂ ಅಲ್ಲ. ನಗರದ ಕೊಳಚೆ ಹೊತ್ತ ಬಳ್ಳಾರಿ ನಾಲಾ ಶಹಾಪುರ, ವಡಗಾವಿ, ಯಳ್ಳೂರ ಕಡೆಯ ಗದ್ದೆಗಳ ನಡುವೆ ಹರಿದು ಮಾರ್ಕಂಡೇಯ ನದಿ ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಬೆಳೆಯ ಮೇಲೇ ನಿಲ್ಲುತ್ತದೆ. ಅಂಥ ನೀರು ಕುಡಿದ ಸೊಪ್ಪಿಗೆ ಒಂದು ಹನಿ ಎಣ್ಣೆ ಹೊಡೆಯದಿದ್ದರೂ ಅದನ್ನು ಹಸಿಯಾಗಿ ಮೊಮ್ಮಗಳ ಬಾಯಿಗೆ ಇಡಲಾರೆ. ಏನು ಹಾಕಿದಿರಿ ಎಂದು ಕೇಳುವವರು ಎಲ್ಲಿಯ ನೀರು ಎಂದೂ ಕೇಳಬೇಕು.

ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಖಾನಾಪುರ ಕಡೆಯ ಹೆಣ್ಣುಮಗಳೊಬ್ಬಳನ್ನು ಕೇಳಿದ್ದೆ, ಎಣ್ಣೆ ಹೊಡೀತೀರೇನು ಎಂದು. “ಹೊಡೀದ ಹೆಂಗ್ರೀ? ಹುಳಾನ ತಿಂದ ಹೋಗತಾವ.” ಮನೆಗೂ ಇದನ್ನೇ ಒಯ್ಯುತ್ತೀರಾ ಎಂದೆ. ನಕ್ಕಳು. “ಮನೀಗಂತ ಬ್ಯಾರೆ ಎರಡ ಸಾಲ ಐತ್ರಿ.” ಪ್ರಮಾಣಪತ್ರ, ಲಾಂಛನ ಯಾವುದೂ ಇಷ್ಟು ನಿಚ್ಚಳವಾಗಿ ಮಾತಾಡಿದ್ದಿಲ್ಲ. ಅವಳ ಮೇಲೆ ಸಿಟ್ಟೂ ಬರಲಿಲ್ಲ. ಹುಳುಕು ಕಾಯಿಯನ್ನು ಬುಟ್ಟಿಯಿಂದ ಹೆಕ್ಕಿ ಆಚೆ ಒಗೆಯುವವರು ನಾವೇ. ಎರಡು ಸಾಲನ್ನು ಇಡೀ ಹೊಲ ಮಾಡು ಎಂದು ಆಕೆಗೆ ಯಾವ ಬಾಯಲ್ಲಿ ಹೇಳುವುದು?

ಈಗ ನಮ್ಮ ಮನೆಗೆ ಅಕ್ಕಿ, ಬೆಲ್ಲ ಖಾನಾಪುರ ಕಡೆಯಿಂದ ಬರುತ್ತವೆ, ಬೆಳೆದವರನ್ನು ನೋಡಿ; ನೇರ ಮಾರಾಟದ ಆ ವಿನಾಯಿತಿ ನಮಗೆ ಒದಗುವುದು ಇಲ್ಲೇ. ಬೇಳೆಗೆ ಲಾಂಛನ ನೋಡುತ್ತೇವೆ, ಏಕೆಂದರೆ ತೊಗರಿ ಬೆಳೆದವರ ಮುಖ ನಮಗೆ ಕಾಣದು. ಉಳಿದದ್ದು ಮಾಮೂಲಿ ಪೇಟೆಯದು, ನೀರಲ್ಲಿ ನೆನೆಸಿ ತೊಳೆದದ್ದು. ಬದನೆ ಮಾತ್ರ ಆ ಎರಡು ಸಾಲಿನದು. ಕಿಲೋಕ್ಕೆ ಹತ್ತು ರೂಪಾಯಿ ಜಾಸ್ತಿ, ಹುಳುಕಿದ್ದರೆ ವಾಪಸು ಕೊಡುವುದಿಲ್ಲ ಎಂದು ಮಾತಾಗಿದೆ.