ಕೆರೆಯ ಆರು ದೋಷಗಳಲ್ಲಿ ಸವುಳುಮಣ್ಣು

ಕಡಪೆ ಸೀಮೆಯ ಪೋರುಮಾಮಿಳ್ಳೆಯ ಕೆರೆಯ ಶಾಸನವು ಕ್ರಿ. ಶ. 1369ರದು, ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯನ್ನು ಕುರಿತದ್ದು. ಅದರ ಸಂಸ್ಕೃತ ಶ್ಲೋಕಗಳಲ್ಲಿ ಕೆರೆಗೆ ಹನ್ನೆರಡು ಸಾಧನಗಳೂ ಆರು ದೋಷಗಳೂ ಹೇಳಲ್ಪಟ್ಟಿವೆ. ಗಟ್ಟಿಮಣ್ಣಿನ ನೆಲವು ಸಾಧನಗಳಲ್ಲೊಂದು. ಏರಿಯಿಂದ ನೀರು ಜಿನುಗುವುದೂ ಸವುಳುನೆಲವೂ ದೋಷಗಳಲ್ಲೆರಡು. ಸವುಳು ದೋಷವೆಂಬುದಕ್ಕೆ ನೀರಿನ ರುಚಿ ಕೆಡುವುದೆಂದೋ ಬೆಳೆ ಬಾರದೆಂದೋ ಅರ್ಥಮಾಡುವುದು ಸುಲಭ. ಪದಕ್ಕೆ ಆ ಅರ್ಥವು ಸಲ್ಲುವುದು, ಪ್ರಕರಣಕ್ಕೆ ಸಾಲದು. ಹೇಳಹೊರಟಿರುವುದು ನೀರು ನಿಲ್ಲಿಸುವ ವಿಚಾರವನ್ನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸವದತ್ತಿ, ರಾಮದುರ್ಗಗಳ ಬಯಲುನಾಡಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಬಹಳ. (ಕಿತ್ತೂರಿನ ಕಡೆ ಮಳೆ ಹೆಚ್ಚಾದುದರಿಂದ ಹಂಚಿನ ಇಳಿಜಾರೇ ಗತಿ.) ಇಂತಹ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಹೊದಿಸುವುದು ಸವುಳುಮಣ್ಣನ್ನೇ. ಕೆರೆಯಲ್ಲಿ ದೋಷವಾದುದು ಮಾಳಿಗೆಯಲ್ಲಿ ಗುಣವಾದುದು ಹೇಗೆ?

ಕಾರಣ ಒಂದೇ. ಸವುಳಿನಲ್ಲಿ ಸೋಡಿಯಂ ಅಧಿಕ. ಅದರಿಂದ ಮಣ್ಣಿನ ಕಣಗಳು ನೀರಿನಲ್ಲಿ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಮಾಳಿಗೆಯ ಮೇಲೆ ನೀರು ನಿಲ್ಲುವುದು ಅತ್ಯಲ್ಪ. ಬಿಡಿಯಾದ ಕಣಗಳು ಅಲ್ಲಿಯೇ ರಂಧ್ರಗಳನ್ನು ಮುಚ್ಚುವವು. ಏರಿಯಲ್ಲಾದರೋ ನೀರಿನ ಒತ್ತಡವು ಅದೇ ಕಣಗಳನ್ನು ಹೊತ್ತೊಯ್ದು, ಎಳೆಯಷ್ಟಿದ್ದ ಜಿನುಗನ್ನು ಬಿಲವಾಗಿಸುವುದು. ಹೀಗೆ ನೋಡಿದರೆ ಶಾಸನದ ಎರಡು ದೋಷಗಳು ಕಾರ್ಯಕಾರಣಗಳಾಗಿ ಕೂಡಿಕೊಳ್ಳುತ್ತವೆ.

ಕಸದ ಗುಂಡಿ, ಕೊಳಗಳ ತಳಕ್ಕೆ ಈಗ ಹಾಸುವ ಬೆಂಟೊನೈಟ್ ಹಾಸು ಈ ಅರ್ಥಕ್ಕೆ ಸಾಕ್ಷಿ. ಎರಡು ಕೃತಕ ಬಟ್ಟೆಗಳ ನಡುವೆ ಚದರ ಮೀಟರಿಗೆ ಸುಮಾರು 5 ಕಿಲೋ ಮಣ್ಣು. ದಪ್ಪ ಬೆರಳಿನಷ್ಟೂ ಇಲ್ಲ. ಎರಡಡಿ ದಮ್ಮಸ್ಸಿನ ಜೇಡಿಯ ಕೆಲಸವನ್ನು ಅದು ಮಾಡಬಲ್ಲುದು. ಉಬ್ಬುವ ಗುಣ ಸೋಡಿಯಂನಿಂದ. ಕಣಗಳನ್ನು ಹೋಗಗೊಡದಿರುವುದು ಬಟ್ಟೆಯಿಂದಲೂ ಮೇಲಣ ಮಣ್ಣಿನ ಭಾರದಿಂದಲೂ. ಸುಣ್ಣದಂಶ ಹೆಚ್ಚಾದ ನೀರು ಹಾಯ್ದು ಸೋಡಿಯಂನ ಸ್ಥಾನವನ್ನು ಕ್ಯಾಲ್ಸಿಯಂ ಹಿಡಿದರೆ ಉಬ್ಬು ಕುಂದುವುದು.

ಆದುದರಿಂದ ಇವೆಲ್ಲವನ್ನೂ ‘ಜೇಡಿ’ ಎಂಬೊಂದೇ ಮಾತಿನಿಂದ ಅನುವಾದಿಸುವ ರೂಢಿ ದೋಷಯುಕ್ತವಾದುದು. ಬೈಲಹೊಂಗಲದ ಎರೆಯಲ್ಲಿಯೂ ಬೆಂಟೊನೈಟಿನ ಜಾತಿಯ ಖನಿಜವುಂಟು. ಆದರೆ ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಆ ಭೂಮಿಯನ್ನು ನಂಬಿ ಹೊಂಡ ತೋಡಿದವನು ಮೊದಲ ಮಳೆಯ ನೀರನ್ನು ಕಳೆದುಕೊಳ್ಳುವನು. ಕುಂಬಾರನ ಜೇಡಿ, ಒಕ್ಕಲಿಗನ ಎರೆ, ಮಾಳಿಗೆಯ ಸವುಳು ಇವುಗಳ ಭೇದವನ್ನು ಹಳ್ಳಿಯ ಮಾತು ಕಾದುಕೊಂಡಿರುವಾಗ ಪಾರಿಭಾಷಿಕ ಕೋಶವು ಅದನ್ನು ಅಳಿಸುವುದು ಉಚಿತವಲ್ಲ. ಶಾಸನಕವಿಯೂ ಬರಿಯ ಮಣ್ಣೆನ್ನದೆ ಗಟ್ಟಿಮಣ್ಣೆಂದನು. ಆ ವಿಶೇಷಣವನ್ನು ಪಾದಪೂರಣವೆಂದು ಬಿಟ್ಟು ಪಾಠ ಹೇಳಲಾಗದು.