ಇನಾಮು ಅಲ್ಲ, ಕೂಲಿ

'ನಮ್ಮ ತಾತ ಏನು ಕೆಲಸ ಮಾಡ್ತಿದ್ದ?' ಕೇರಿಯ ಹುಡುಗನೊಬ್ಬ ಅಜ್ಜಿಯನ್ನು ಕೇಳಿದ. 'ಊರ ಕೆಲಸ ಮಾಡ್ತಿದ್ದ ಕಣಪ್ಪ' ಅಂದಳು. ಯಾವ ಕೆಲಸ ಅಂತ ಮತ್ತೆ ಕೇಳಿದರೆ, 'ಎಲ್ಲಾನೂ' ಅಂದು ಸುಮ್ಮನಾದಳು.

ಈ 'ಎಲ್ಲಾನೂ' ಅನ್ನುವುದನ್ನು ಸರ್ಕಾರದ ಕಾಗದ ಹೇಗೆ ಬರೆದಿದೆ ಅಂತ ತಿಳಿಯಲು ನಾವು ಜನಗಣತಿ ವರದಿಗಳನ್ನೂ ಇನಾಂ ದಾಖಲೆಗಳನ್ನೂ ಓದಲು ಕೂತೆವು. ನಮ್ಮ ವಿಮರ್ಶಕರು ಕಾವ್ಯ ಮುಟ್ಟುತ್ತಾರೆ, ಕಾದಂಬರಿ ಮುಟ್ಟುತ್ತಾರೆ, ಇವನ್ನು ಮುಟ್ಟುವುದಿಲ್ಲ. ಒಕ್ಕಲು ಮನೆಗಳ ಮುಂದೆ ಹೆಳವರು ಬಂದು ವಂಶಾವಳಿ ಹೇಳ್ತಾರೆ. ಮಠಗಳಿಗೆ ತಾಮ್ರಪಟಗಳಿವೆ. ನಮ್ಮ ಹಿರಿಯರ ಬಗ್ಗೆ ಕಾಗದದ ಮೇಲೆ ಬರೆದ ಲೇಖಕ ಮಾತ್ರ ಹೆಚ್ಚಾಗಿ ಸರ್ಕಾರವೇ. ಹಾಗಾದರೆ ಆ ಲೇಖಕನ ಭಾಷೆಯನ್ನೂ ವಿಮರ್ಶೆಗೆ ಒಡ್ಡಲೇಬೇಕು.

ಮೊದಲು ಜನಗಣತಿ. ಮೈಸೂರು ಸೀಮೆಯ ಮೊದಲ ಕ್ರಮಬದ್ಧ ಗಣತಿ ನಡೆದದ್ದು ೧೮೭೧ರಲ್ಲಿ. ಆಗ ಜನಸಂಖ್ಯೆ ಸುಮಾರು ೫೦ ಲಕ್ಷ ೫೫ ಸಾವಿರ. ೧೮೮೧ರಲ್ಲಿ ಅದು ೪೧ ಲಕ್ಷ ೮೬ ಸಾವಿರ. ನಡುವೆ ಬಂದುಹೋದದ್ದು ೧೮೭೬-೭೮ರ ಬರ. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರು. ಅಂಥ ಬರದಲ್ಲಿ ಮೊದಲು ನೆಲಕ್ಕೆ ಬೀಳುವವರು ದಿನದ ಕೂಲಿಯ ಮೇಲೆ ಬದುಕುವವರು. ಆದರೆ ಅವರಲ್ಲಿ ಒಬ್ಬರ ಹೆಸರೂ ಈ ವರದಿಯಲ್ಲಿ ಸಿಗೋದಿಲ್ಲ. ಇಂಗ್ಲೆಂಡಿನಲ್ಲಿ ೧೮೪೧ರಿಂದ ಮನೆಮನೆಯ ಹಾಳೆಗಳನ್ನು ಉಳಿಸಿಕೊಂಡು ಬಂದರು. ೧೯೨೧ರ ಹಾಳೆಗಳು ೨೦೨೨ರಲ್ಲಿ ಜನರಿಗೆ ತೆರೆದವು. ಅಲ್ಲಿ ಗಣಿ ಕೂಲಿಯ ಮೊಮ್ಮಗ ತಾತನ ಹೆಸರನ್ನೂ ಕೆಲಸವನ್ನೂ ಒಂದೇ ಸಾಲಿನಲ್ಲಿ ಓದಬಹುದು. ಇಲ್ಲಿ ಲೆಕ್ಕ ಕೂಡಿಸಿದ ಮೇಲೆ ಹಾಳೆಗಳನ್ನು ಉಳಿಸಲಿಲ್ಲ. ಸ್ವತಂತ್ರ ಭಾರತದ ೧೯೪೮ರ ಜನಗಣತಿ ಕಾಯ್ದೆಯ ೧೫ನೇ ಕಲಮು ಗಣತಿಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ, ಸಾಕ್ಷ್ಯವಾಗಿಯೂ ಬಳಸುವಂತಿಲ್ಲ ಅನ್ನುತ್ತದೆ.

ಹೆಸರಿಲ್ಲ, ಸರಿ. ಕೆಲಸವಾದರೂ ಇದೆಯೇ? ೧೯೦೧ರ ಗಣತಿ ಜನರನ್ನು 'ದುಡಿಯುವವರು', 'ಅವಲಂಬಿತರು' ಎಂದು ಎರಡಾಗಿ ಸೀಳಿತು. ೧೯೩೧ರಲ್ಲಿ ಇನ್ನೊಂದು ಪದ ಬಂತು: 'ದುಡಿಯುವ ಅವಲಂಬಿತರು'. ಸಂಸಾರದ ದುಡಿಮೆಗೆ ಕೈಜೋಡಿಸಿಯೂ ತಮ್ಮದೇ ಕ್ರಮವಾದ ಸಂಪಾದನೆ ಇಲ್ಲದವರು ಅಂತ ಅದರ ಅರ್ಥ. ಗೆಳೆಯರೇ, ಈ ಪದವನ್ನು ಇನ್ನೊಂದು ಸಲ ಓದಿ. ಕೆಸರಲ್ಲಿ ಬಗ್ಗಿ ನಾಟಿ ಹಾಕಿದವಳು, ಕಳೆ ಕಿತ್ತವಳು, ಗಂಡ ಊರ ಕೆಲಸಕ್ಕೆ ಹೋದಾಗ ಧಣಿಯ ಕೊಟ್ಟಿಗೆ ಬಳಿದವಳು ಅವಲಂಬಿತಳಂತೆ! ಯಾರು ಯಾರನ್ನು ಅವಲಂಬಿಸಿದ್ದರು? ಅವಳು ಎರಡು ದಿನ ಮಲಗಿದ್ದರೆ ಧಣಿಯ ಗದ್ದೆ ಏನಾಗ್ತಿತ್ತು? ಇದನ್ನು ಯಾವ ಕೋಷ್ಟಕವೂ ಕೇಳಲಿಲ್ಲ. ಜಾತಿಯ ಹೆಸರನ್ನೇನೋ ಬದಲಾಯಿಸಿದರು. ಹೊಲೆಯ, ಮಾದಿಗ ಎಂದಿದ್ದದ್ದು ೧೯೩೧ರ ಹೊತ್ತಿಗೆ ಆದಿಕರ್ನಾಟಕ ಆಯ್ತು, ೧೯೫೦ರಲ್ಲಿ ಪರಿಶಿಷ್ಟ ಜಾತಿ ಆಯ್ತು. ಬೆನ್ನಿನ ಮೇಲಿನ ಹೊರೆ ಮಾತ್ರ ಅದೇ.

ತಾತನ ಹೆಸರು ಸಿಗುವುದು ಇನಾಂ ದಾಖಲೆಯಲ್ಲಿ. ಸರ್ವೆ ನಂಬರು, ಎಕರೆ, ಗುಂಟೆ, 'ತೋಟಿ ಇನಾಂತಿ', ಅದರ ಮುಂದೆ ಹೆಸರು. ಇಲ್ಲಿ ಹೆಸರಿದೆ, ಕೆಲಸ ಇಲ್ಲ. ಕೆಲಸ ಏನೆಂದು ಹೇಳುವವರು ಕೇರಿಯ ಮುದುಕರು: ಕಂದಾಯಕ್ಕೆ ಒಕ್ಕಲನ್ನು ಕರೆಯೋದು, ತಮಟೆ ಬಡಿದು ಸಾರೋದು, ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ನಡೆಯೋದು, ಸತ್ತ ದನ ಎಳೆಯೋದು, ಬಂದ ಸಾಹೇಬರ ಗಂಟು ಹೊರೋದು. ಇಷ್ಟು ದುಡಿಸಿಕೊಂಡು ಕೊಟ್ಟ ತುಂಡು ನೆಲಕ್ಕೆ 'ಇನಾಮು' ಅಂತ ಹೆಸರಿಟ್ಟರು. ಇನಾಮು ಅಂದರೆ ಮೆಚ್ಚಿ ಕೊಟ್ಟದ್ದು. ಯಾರು, ಏನು ಮೆಚ್ಚಿ ಕೊಟ್ಟರು? ಅದು ಕೂಲಿ. ಕೂಲಿಯನ್ನು ದಾನವೆಂದು ಬರೆದದ್ದೇ ಈ ದಾಖಲೆಯ ದೊಡ್ಡ ಸುಳ್ಳು.

ಮೈಸೂರು ಸೀಮೆಯ ಕುಳವಾಡಿಯ ಬಗ್ಗೆ ಬ್ರಿಟಿಷ್ ಅಧಿಕಾರಿ ಮೆಕೆಂಜಿ ೧೮೭೩ರಲ್ಲಿ ಬರೆದ. ಊರಗಡಿಯ ತಕರಾರಿನಲ್ಲಿ ಪ್ರಮಾಣ ಮಾಡಬಲ್ಲವನು ಅವನೊಬ್ಬನೇ. ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಗಡಿ ನಡೆಯಬೇಕು. ಗೆರೆ ತಪ್ಪಿದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ ಅನ್ನುವ ನಂಬಿಕೆ. ಮೆಕೆಂಜಿಗೆ ಇದು ವಿಚಿತ್ರ ಸಂಪ್ರದಾಯ. ನಮ್ಮ ಕಣ್ಣಿಗೆ ಕಾಣುವುದು ಇಡೀ ಊರಿನ ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದ ಸರ್ವೆಯರ್. ತಪ್ಪಿದರೆ ಅವನಿಗೆ ದಂಡ ಅಲ್ಲ, ಪ್ರಾಣವೇ ಪಣ. ಊರಿನ ಅಂಗುಲ ಅಂಗುಲ ಬಲ್ಲವನಿಗೆ ಊರೊಳಗೆ ಮನೆ ಇರಲಿಲ್ಲ.

ಈ ಸುಳ್ಳಿಗೆ ಶಾಸನಸಭೆಯಲ್ಲಿ ಕೈ ಹಾಕಿದವರು ಬಾಬಾಸಾಹೇಬರು. ಬೆಳಗಾವಿ, ಧಾರವಾಡ, ಬಿಜಾಪುರಗಳೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ೧೯೨೮ರಲ್ಲಿ ಅವರು ೧೮೭೪ರ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ವತನವೆಂಬ ಹೆಸರಿನಲ್ಲಿ ಮಹಾರರನ್ನು ಹಗಲೂ ರಾತ್ರಿ ಜುಜುಬಿ ಪ್ರತಿಫಲಕ್ಕೆ ದುಡಿಸುವ ಬಗೆಯನ್ನು ಅವರು ಪ್ರಶ್ನಿಸಿದರು. ಇನಾಮನ್ನು ಕೂಲಿಯೆಂದು ಓದಲು ನಾವು ಕಲಿತದ್ದು ಅಲ್ಲಿಂದ.

ಇದು ಬರೀ ಪದದ ಜಗಳ ಅಲ್ಲ. ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ೧೯೬೩ರ ಫೆಬ್ರವರಿ ೧ರಂದು ಜಾರಿಗೆ ಬಂತು. ತೋಟಿಯ ಜಮೀನು ಸರ್ಕಾರಕ್ಕೆ ಸೇರಿತು. ತನ್ನ ಬೆವರಿನ ನೆಲವನ್ನೇ ಅವನು ಬೆಲೆ ಕಟ್ಟಿ ಮರುಮಂಜೂರು ಮಾಡಿಸಿಕೊಳ್ಳಬೇಕಾಯ್ತು. ಆಮೇಲೆ ಪರಿಶಿಷ್ಟರ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ೧೯೭೮ರ ಕಾಯ್ದೆ ಬಂತು. ತಡವಾಯಿತೆಂಬ ನೆಪದಲ್ಲಿ ಅರ್ಜಿಗಳು ಬಿದ್ದುಹೋಗದಂತೆ ೨೦೨೩ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯ್ತು. ಆದರೆ ಆ ಕಾಯ್ದೆಯ ವ್ಯಾಖ್ಯೆ ನೋಡಿ: ವಂಶಪಾರಂಪರ್ಯ ಹುದ್ದೆಗೆ ಸೇರಿದ ಜಮೀನು 'ಮಂಜೂರಾದ ಜಮೀನು' ಅನ್ನುವುದರಿಂದ ಹೊರಗೆ. ಸರ್ಕಾರ ಕೊಟ್ಟ ನೆಲಕ್ಕೆ ಈ ಕಾಯ್ದೆಯ ಕಾವಲು ಉಂಟು, ತಾತ ದುಡಿದು ಗಳಿಸಿದ ನೆಲಕ್ಕೆ ಇಲ್ಲ! ಅಂದು ಶಾನುಭೋಗರ ಲೇಖನಿ ಬರೆದ ಒಂದು ಪದ ಇಂದೂ ಮೊಮ್ಮಗನ ಹೊಲದ ಹಣೆಬರಹ ಬರೆಯುತ್ತಿದೆ.

ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಕೇಳಿಕೆ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಹಳೆಯ ಪಹಣಿ, ಮ್ಯುಟೇಷನ್, ಮರುಮಂಜೂರಾತಿ ಆದೇಶಗಳ ನಕಲು ತೆಗೆಸಿ. ಅವನ್ನು ಕೇರಿಗೆ ಒಯ್ದು ಮುದುಕ ಮುದುಕಿಯರ ಮುಂದೆ ಗಟ್ಟಿಯಾಗಿ ಓದಿ. ಕಾಗದ ಎಲ್ಲಿ 'ಇನಾಮು' ಅನ್ನುತ್ತದೋ ಅಲ್ಲಿ ಅವರು ಹೇಳುವ ಕೆಲಸವನ್ನು ಬರೆದುಕೊಳ್ಳಿ. ಎಲ್ಲಿ 'ಅವಲಂಬಿತ' ಅನ್ನುತ್ತದೋ ಅಲ್ಲಿ ಅಜ್ಜಿಯ ಹೆಸರು ಬರೆಯಿರಿ. ಹಾಗೆ ಬರೆದಾಗ 'ಎಲ್ಲಾನೂ' ಅಂದದ್ದರ ಉದ್ದ ಎಷ್ಟೆಂದು ತಿಳಿಯುತ್ತದೆ. ಬಾಕಿ ಎಷ್ಟಿದೆ ಅನ್ನುವುದೂ.